ವಾದ, ಜಲ್ಪ, ವಿತಂಡ: ಗಡಿಪ್ರಶ್ನೆಯ ಟಿವಿ ಚರ್ಚೆಗಳು ಮತ್ತು ಸೊಲ್ಲಾಪುರ–ಅಕ್ಕಲಕೋಟ ಭಾಗದ ಕನ್ನಡ

ಈ ಸಂಕಿರಣದ ಸಂಘಟಕರು ಸೊಲ್ಲಾಪುರ ಭಾಗದ ಕನ್ನಡವನ್ನು ಕುರಿತು ನನ್ನಿಂದ ಒಂದು ಪ್ರಬಂಧವನ್ನು ಅಪೇಕ್ಷಿಸಿದಾಗ ಮೊದಲು ನಾನು ಒಲ್ಲೆನೆಂದೆ. ಭಾಷಾವಿಜ್ಞಾನವನ್ನು ನಾನು ಕ್ರಮವಾಗಿ ಕಲಿತವನಲ್ಲ. ಪಾಠಶಾಲೆಯಲ್ಲಿ ಅಮರಕೋಶ, ಲಘುಕೌಮುದಿ, ಅನ್ನಂಭಟ್ಟನ ತರ್ಕಸಂಗ್ರಹ ಇಷ್ಟನ್ನು ಬಾಯಿಪಾಠ ಮಾಡಿ, ಮುಂದೆ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಈಗ ವಯಸ್ಸು ಎಪ್ಪತ್ತನಾಲ್ಕು. ಆದರೆ 2022ರ ನವೆಂಬರ್-ಡಿಸೆಂಬರಿನಲ್ಲಿ ದಿನಾಲು ಸಂಜೆ ಒಂದು ಚಹಾದಂಗಡಿಯಲ್ಲಿ ಕುಳಿತು ನಾನು ಕಂಡದ್ದು, ಕೇಳಿದ್ದು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅದನ್ನು ವಿದ್ವಾಂಸರ ಮುಂದಿಟ್ಟರೆ ತಪ್ಪಿದ್ದಲ್ಲಿ ತಿದ್ದುವವರಾದರೂ ಸಿಕ್ಕಾರು ಎಂದು ಒಪ್ಪಿಕೊಂಡೆ.

ಚಹಾದಂಗಡಿ ಇರುವುದು ಚಿಂಚೋಳಿ ಎಂಐಡಿಸಿಯಲ್ಲಿ. ಕಲಬುರ್ಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕೆಂದು ಓದುಗರು ತಿಳಿಯಬಾರದು. ಇದು ಸೊಲ್ಲಾಪುರದಿಂದ ಪುಣೆ ರಸ್ತೆ ಹಿಡಿದು ಮೋಹೋಳದ ಕಡೆ ಹೋಗುವಾಗ ಸಿಗುವ ಕಾರಖಾನೆಗಳ ವಸಾಹತು. ಮಗನ ನೌಕರಿ ಇಲ್ಲಿ, ಆದ್ದರಿಂದ ನನ್ನ ವಾಸವೂ ಇಲ್ಲೇ. ಪಾಳಿ ಬಿಟ್ಟ ಹೊತ್ತಿಗೆ ಈ ಅಂಗಡಿಯಲ್ಲಿ ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯ ಕನ್ನಡ, ಮೋಹೋಳದ ಮರಾಠಿ, ಸೊಲ್ಲಾಪುರ ಪೇಟೆಯ ನೇಕಾರ ಮನೆತನಗಳ ತೆಲುಗು, ಎಲ್ಲಿಂದಲೋ ಬಂದ ಹುಡುಗರ ಹಿಂದಿ ಒಂದೇ ಬಾಕಿನ ಮೇಲೆ ಕೂಡುತ್ತವೆ. ಗೋಡೆಗೆ ಒಂದು ಟಿವಿ. ಅದರ ರಿಮೋಟು ಯಾರ ಕೈಯಲ್ಲಿರುತ್ತದೋ ಆ ಭಾಷೆಯ ಸುದ್ದಿ ಆವತ್ತು.

2022ರ ನವೆಂಬರ್ ಕೊನೆಯ ವಾರದಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು, ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹಳ್ಳಿಗಳು ಹಿಂದೆ ಕರ್ನಾಟಕಕ್ಕೆ ಸೇರುವುದಾಗಿ ಠರಾವು ಮಾಡಿದ್ದವೆಂದೂ ಅದನ್ನು ತಾವು ಪರಿಶೀಲಿಸುತ್ತಿರುವುದಾಗಿಯೂ ಹೇಳಿದರು. ಮರುದಿನವೇ ಅಕ್ಕಲಕೋಟ, ಸೊಲ್ಲಾಪುರಗಳ ಕನ್ನಡ ಭಾಗದ ಮಾತೂ ಬಂತು. ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ ಅವರು ಒಂದು ಹಳ್ಳಿಯೂ ಹೋಗದು ಎಂದರು. ಅಲ್ಲಿಂದ ಡಿಸೆಂಬರ್ ಮುಗಿಯುವವರೆಗೆ ಎರಡೂ ಭಾಷೆಯ ವಾಹಿನಿಗಳಲ್ಲಿ ಇದೇ ಚರ್ಚೆ. ಅಂಗಡಿಯಲ್ಲಿ ಅರ್ಧ ತಾಸು ಕನ್ನಡ, ಅರ್ಧ ತಾಸು ಮರಾಠಿ ಎಂದು ಒಂದು ಒಪ್ಪಂದವಾಯಿತು. ಅದರಿಂದಾಗಿ ಒಂದೇ ಸಂಜೆ ಎರಡೂ ಪಕ್ಷಗಳನ್ನು ಕೇಳುವ ಯೋಗ ನನಗೆ ಬಂತು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕುಳಿತವರಿಗೆ ಇದು ಸುಲಭವಾಗಿ ಸಿಗುವಂಥದಲ್ಲ.

ವಿಷಯಪ್ರವೇಶಕ್ಕೆ ಮೊದಲು ‘ವಾದ’ ಎಂಬ ಶಬ್ದದ ಬಗ್ಗೆ ಎರಡು ಮಾತು. ನಮ್ಮ ಭಾಗದ ಆಡುಮಾತಿನಲ್ಲಿ ವಾದವೆಂದರೆ ಜಗಳ. ‘ಅವರಿಬ್ಬರದು ಬಾಂದಿನ ವಾದ ಅದ’ ಅಂದರ ಹೊಲದ ಬದುವಿನ ತಕರಾರು ಎಂದರ್ಥ. ಮರಾಠಿಯ ‘ಸೀಮಾವಾದ’ದಲ್ಲೂ ಅರ್ಥ ಇದೇ. ಗೌತಮನ ನ್ಯಾಯಸೂತ್ರಗಳಲ್ಲಿ ಮಾತ್ರ ವಾದಕ್ಕೆ ಬೇರೆ ಸ್ಥಾನವಿದೆ. ಅಲ್ಲಿ ಕಥೆ, ಅಂದರೆ ಇಬ್ಬರ ನಡುವಿನ ವಿಚಾರ, ಮೂರು ಬಗೆ. ಪ್ರಮಾಣ-ತರ್ಕಗಳಿಂದ ತನ್ನ ಪಕ್ಷವನ್ನು ಸಾಧಿಸುತ್ತ, ಎದುರಿನವನ ಪಕ್ಷವನ್ನು ಪರೀಕ್ಷಿಸುತ್ತ, ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವುದು ವಾದ. ಗೆಲ್ಲಬೇಕೆಂದೇ ಹೊರಟು ಛಲ, ಜಾತಿ, ನಿಗ್ರಹಸ್ಥಾನಗಳನ್ನು ಕೂಡ ಆಯುಧ ಮಾಡಿಕೊಳ್ಳುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಇಡದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ಮೂರರಲ್ಲಿ ಉತ್ತಮವಾದದ್ದಕ್ಕೆ ಶಾಸ್ತ್ರವು ಇಟ್ಟ ಹೆಸರನ್ನೇ ನಮ್ಮ ಜನ ಜಗಳಕ್ಕೆ ಇಟ್ಟಿದ್ದಾರೆ. ಅವರ ಅನುಭವ ಹಾಗಿದ್ದೀತು.

ಜಲ್ಪ-ವಿತಂಡಗಳನ್ನು ಶಾಸ್ತ್ರ ಪೂರ್ತಿ ಅಲ್ಲಗಳೆದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಬೀಜದ ಮೊಳಕೆಯನ್ನು ಕಾಯಲಿಕ್ಕೆ ಮುಳ್ಳಿನ ಬೇಲಿ ಹೇಗೋ, ಹಾಗೆ ತತ್ತ್ವನಿಶ್ಚಯವನ್ನು ಕಾಯಲಿಕ್ಕೆ ಇವು ಬೇಕಾಗುತ್ತವೆ ಎಂದು ನ್ಯಾಯಸೂತ್ರವೇ ಒಪ್ಪುತ್ತದೆ. ಆದ್ದರಿಂದ ಟಿವಿಯಲ್ಲಿ ನಡೆಯುವುದು ಜಲ್ಪ ಎಂದ ಮಾತ್ರಕ್ಕೆ ದೂಷಣೆಯಾಗಲಿಲ್ಲ. ಆ ಬೇಲಿಯೊಳಗೆ ಬೆಳೆ ಏನಿತ್ತು ಎಂದು ನೋಡುವುದು ನನ್ನ ಉದ್ದೇಶ.

ನಮ್ಮ ಗುರುಗಳು ಒಂದು ಅಭ್ಯಾಸ ಮಾಡಿಸುತ್ತಿದ್ದರು. ಶಬ್ದ ಅನಿತ್ಯ ಎಂಬುದು ನೈಯಾಯಿಕರ ಮತ. ನಿತ್ಯ ಎಂಬುದು ಮೀಮಾಂಸಕರದು. ನಾವು ಓದುತ್ತಿದ್ದದ್ದು ನ್ಯಾಯ. ಆದರೂ ಮೊದಲು ಮೀಮಾಂಸಕನ ಪಕ್ಷವನ್ನು, ಅವನೇ ಎದುರಿಗೆ ಕುಳಿತು ಕೇಳಿದರೆ ‘ಹೌದು, ನಾನು ಹೇಳುವುದು ಇದೇ’ ಎಂದು ತಲೆಯಾಡಿಸುವಂತೆ ಹೇಳಬೇಕು. ಅದಾಗದಿದ್ದರೆ ಖಂಡನೆಗೆ ಅಪ್ಪಣೆಯಿಲ್ಲ. ಒಮ್ಮೆ ನಾನು ಮೀಮಾಂಸಕನ ಮಾತನ್ನು ಸ್ವಲ್ಪ ಮೊಂಡು ಮಾಡಿ ಹೇಳಿ, ಆಮೇಲೆ ಸುಲಭವಾಗಿ ಮುರಿದೆ. ಗುರುಗಳು ‘ನೀ ಮುರಿದದ್ದು ನೀನೇ ಮಾಡಿದ ಗೊಂಬಿ’ ಅಂದು ಎರಡು ದಿನ ಪಾಠ ನಿಲ್ಲಿಸಿದರು. ಪೂರ್ವಪಕ್ಷವನ್ನು ಯಥಾವತ್ತಾಗಿ ಹೇಳುವ ಈ ಅಳತೆಗೋಲೊಂದನ್ನೇ ಹಿಡಿದು ನಾನು ಆ ಚರ್ಚೆಗಳನ್ನು ಕೇಳಿದೆ.

ಗಡಿಪ್ರಶ್ನೆಯ ಇತಿಹಾಸ ಈ ಸಭೆಗೆ ಹೊಸದಲ್ಲ, ಬೇಕಾದಷ್ಟನ್ನೇ ಹೇಳುತ್ತೇನೆ. ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನ. ಸ್ವಾತಂತ್ರ್ಯದ ಮರುವರ್ಷ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಸೊಲ್ಲಾಪುರ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಮೇಲೆ ಪುನರ್ವಿಂಗಡಣೆಯಾದಾಗ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳು ಮೈಸೂರಿಗೆ ಬಂದವು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಹಳ್ಳಿಯನ್ನು ಘಟಕವಾಗಿ ಹಿಡಿಯಬೇಕು, ಭಾಷಿಕ ಬಹುಮತ ನೋಡಬೇಕು, ಭೌಗೋಲಿಕ ಸಾತತ್ಯವಿರಬೇಕು, ಜನರ ಇಚ್ಛೆಯನ್ನು ಕೇಳಬೇಕು ಎಂಬುದು ಆ ಕಡೆಯವರ ಸಿದ್ಧಾಂತ. ಅದರ ಪ್ರಕಾರ ಅವರು 814 ಹಳ್ಳಿ ಕೇಳಿದರು. ಆದರೆ 260 ಕನ್ನಡ ಹಳ್ಳಿಗಳನ್ನು ತಾವು ಬಿಟ್ಟುಕೊಡಲು ಸಿದ್ಧ ಎಂದೂ ಹೇಳಿದ್ದರು. ಈ ಎರಡನೆಯ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. 1966ರಲ್ಲಿ ಸೇನಾಪತಿ ಬಾಪಟರು ಉಪವಾಸ ಕೂತರು. ಆ ವರ್ಷ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾಯಿತು. 1967ರ ಆಗಸ್ಟಿನಲ್ಲಿ ಬಂದ ವರದಿ ಬೆಳಗಾವಿಯನ್ನು ಮೈಸೂರಿನಲ್ಲೇ ಉಳಿಸಿತು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಹಳ್ಳಿ-ಪಟ್ಟಣಗಳನ್ನು ಮಹಾರಾಷ್ಟ್ರಕ್ಕೂ, 247 ಹಳ್ಳಿಗಳನ್ನು ಮೈಸೂರಿಗೂ ಕೊಡಬೇಕೆಂದಿತು. ಈ 247ರಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ಹಳ್ಳಿಗಳಿವೆ. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ದಾವೆ ಹೋಯಿತು, ಅದಿನ್ನೂ ತೀರಿಲ್ಲ.

ಮಹಾಜನ ಆಯೋಗ 2240 ಮನವಿಗಳನ್ನು ತೆಗೆದುಕೊಂಡು 7572 ಜನರ ಹೇಳಿಕೆ ಕೇಳಿತೆಂದು ದಾಖಲೆಯಿದೆ. ತೀರ್ಪು ಸರಿಯೋ ತಪ್ಪೋ, ಕೇಳುವ ಕ್ರಿಯೆ ನಡೆದಿತ್ತು. ನಮ್ಮ ತಂದೆಯವರು ಕಂದೀಲಿನ ಬೆಳಕಿನಲ್ಲಿ ಒಂದು ಮನವಿಯ ಪ್ರತಿಗಳನ್ನು ತೆಗೆಯುತ್ತಿದ್ದುದು ನನಗೆ ನೆನಪಿದೆ. ಆಗ ನನಗೆ ಹದಿನೈದು ವರ್ಷ. ಅದರಲ್ಲಿ ಮೊದಲ ಪುಟದ ತುಂಬ ಎದುರು ಪಕ್ಷದವರು ಏನು ಹೇಳುತ್ತಾರೆ ಎಂಬುದೇ ಇತ್ತು. ‘ಅವರದ್ಯಾಕ ಬರೀತೀರಿ’ ಎಂದು ಕೇಳಿದ್ದಕ್ಕೆ ‘ಅವರದು ಬರೀದೆ ನಮ್ಮದು ಹ್ಯಾಂಗ ನಿಲ್ತದೋ’ ಅಂದಿದ್ದರು. ತರ್ಕ ಓದದ ಮನುಷ್ಯ.

ಇನ್ನು ಟಿವಿ. ಅಮೆರಿಕದಲ್ಲಿ 1960ರ ಸೆಪ್ಟೆಂಬರ್ 26ರಂದು ಕೆನಡಿ ಮತ್ತು ನಿಕ್ಸನ್ ಎದುರುಬದುರಾಗಿ ವಾದಿಸಿದ್ದನ್ನು ಸುಮಾರು 7 ಕೋಟಿ ಜನ ಮನೆಯಲ್ಲಿ ಕುಳಿತು ನೋಡಿದರು. ವಾದದ ಜೊತೆಗೆ ವಾದಿಯ ಮುಖವೂ ಪ್ರಮಾಣದ ಹಾಗೆ ಎಣಿಕೆಗೆ ಬಂದದ್ದು ಅಂದಿನಿಂದ ಎನ್ನುತ್ತಾರೆ. ನಮ್ಮ ಕಡೆಗೆ ಟಿವಿ ಬಂದ ರೀತಿ ಬೇರೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಸೈಟ್ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಇಂಡಿ ತಾಲ್ಲೂಕಿನ ಸೋದರತ್ತೆಯ ಊರಿಗೆ ಹೋದಾಗ ನಾನು ಅದನ್ನು ಕಂಡೆ. ಶಾಲೆಯ ಮುಂದೆ ಕೋಳಿಗೂಡಿಗೆ ಹೊಡೆಯುವಂಥ ತಂತಿಜಾಳಿಗೆಯ ದೊಡ್ಡ ಕೊಡೆ, ಒಳಗೆ ಪೆಟ್ಟಿಗೆ, ನೆಲದ ಮೇಲೆ ಊರಿಗೂರೇ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಎರೆಹೊಲದ ಬಗ್ಗೆ ಒಬ್ಬರು ಶುದ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಕೇಳಿ, ‘ಇಂವ ಯಾ ಊರಾಂವೋ? ಮಾತು ತಿಳೀತಾವ, ನಮಗ ಹೇಳಿದ್ಹಂಗ ಆಗವಲ್ತು’ ಅಂದಳು. ಮುಂದೆ 1981ರಲ್ಲಿ ಬೆಂಗಳೂರು ದೂರದರ್ಶನ, 1994ರಲ್ಲಿ ಉದಯ, ಈ ಶತಮಾನದ ಮೊದಲ ದಶಕದಲ್ಲಿ ಕನ್ನಡ-ಮರಾಠಿ ಎರಡರಲ್ಲೂ ಇಪ್ಪತ್ನಾಲ್ಕು ತಾಸಿನ ಸುದ್ದಿವಾಹಿನಿಗಳು, ಹೀಗೆ ಎಷ್ಟೋ ಬಂದವು. ಅತ್ತೆಯ ಮಾತಿಗೆ ಮಾತ್ರ ಉತ್ತರ ಬಂದಿಲ್ಲ.

ಈಗ 2022ರ ಚರ್ಚೆಗಳಿಗೆ ಬರುತ್ತೇನೆ. ಯಾವ ವಾಹಿನಿ, ಯಾವ ನಿರೂಪಕ ಎಂದು ಹೆಸರಿಸುವುದಿಲ್ಲ. ಬೇಕಾದದ್ದು ಮಾತಿನ ಬಗೆ.

ಮೊದಲನೆಯದು ಊರಿನ ಹೆಸರು. ನ್ಯಾಯಭಾಷ್ಯದಲ್ಲಿ ವಾಕ್ಛಲಕ್ಕೆ ಕೊಡುವ ಉದಾಹರಣೆ ‘ನವಕಂಬಲ’. ಹೊಸ ಕಂಬಳಿ ಹೊದ್ದವನೆಂಬ ಅರ್ಥದಲ್ಲಿ ಒಬ್ಬ ಹೇಳಿದರೆ, ಒಂಬತ್ತು ಕಂಬಳಿ ಎಲ್ಲಿವೆ ಎಂದು ಇನ್ನೊಬ್ಬ ಕೇಳುತ್ತಾನೆ. ನಮ್ಮ ನವಕಂಬಲ ‘ಸೊಲ್ಲಾಪುರ’. ಅದು ಪೇಟೆಯ ಹೆಸರು, ಜಿಲ್ಲೆಯ ಹೆಸರು, ಉತ್ತರ-ದಕ್ಷಿಣ ಸೇರಿಸಿದರೆ ಎರಡು ತಾಲ್ಲೂಕಿನ ಹೆಸರು. ಮಹಾಜನ ವರದಿಯ ಮಾತಾಡುವಾಗ ಪ್ರಸ್ತುತವಾದದ್ದು ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹಳ್ಳಿಗಳು. ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಉಳಿಯುವುದು ‘ಸೊಲ್ಲಾಪುರ’ ಮಾತ್ರ. ಒಂದು ದಿನ ಕನ್ನಡ ವಾಹಿನಿಯ ನಕಾಶೆಯಲ್ಲಿ ಇಡೀ ಜಿಲ್ಲೆಗೆ ಕೆಂಪು-ಹಳದಿ ಬಣ್ಣ ಬಳಿದಿದ್ದರು. ಬಾರ್ಶಿ, ಕರಮಾಳೆ ಕೂಡ ಅದರಲ್ಲಿ! ಮರಾಠಿ ವಾಹಿನಿಯವರು ಅದೇ ನಕಾಶೆಯನ್ನು ತೋರಿಸಿ, ನೋಡಿ ಪಂಢರಪುರವನ್ನೂ ಕೇಳುತ್ತಿದ್ದಾರೆ ಎಂದರು. ಕೇಳಿದವರು ಯಾರೂ ಇರಲಿಲ್ಲ. ನಮ್ಮ ಬಾಕಿನ ಮೇಲಿದ್ದ ಮೋಹೋಳದ ಲೇಥ್ ಕೆಲಸಗಾರನೊಬ್ಬ ನಿಜವಾಗಿಯೂ ಗಾಬರಿಯಾಗಿ ‘ಗುರೂಜಿ, ಆಮಚಾ ಮೋಹೋಳಹೀ ಜಾಣಾರ ಕಾ?’ ಎಂದು ನನ್ನನ್ನು ಕೇಳಿದ. ಹೋಗುವುದಿಲ್ಲ ಮಾರಾಯಾ, ಚಹಾ ಕುಡಿ, ಅಂದೆ.

ಎರಡನೆಯದು ‘ಠರಾವು’. ಜತ್ತ ತಾಲ್ಲೂಕಿನ ಪೂರ್ವಭಾಗ ಬರದ ಸೀಮೆ. ಅಲ್ಲಿಯ ಹಳ್ಳಿಗಳು ಠರಾವು ಮಾಡಿದ್ದು ನೀರಿನ ಕಾರಣಕ್ಕೆ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂಬುದು ಅದರ ಒಡಲು. ಇದನ್ನು ಎರಡೂ ರಾಜ್ಯದ ನಾಯಕರು ಅಲ್ಲಗಳೆದಿಲ್ಲ. ಅದು 2012ರ ಹಳೆಯ ಠರಾವು, ನೀರಿನ ಕೊರತೆಯ ಬಗ್ಗೆ ಆದದ್ದು ಎಂದು ಫಡಣವೀಸರೂ, ಬರದಿಂದ ಆದದ್ದು ಎಂದು ಬೊಮ್ಮಾಯಿಯವರೂ ಹೇಳಿದ್ದರು. ಸ್ಟುಡಿಯೋದೊಳಗೆ ಹೊಕ್ಕೊಡನೆ ‘ಹೋಗುತ್ತೇವೆ’ ಎಂಬ ಫಲವಾಕ್ಯ ಉಳಿದು ‘ಕೊಡದಿದ್ದರೆ’ ಎಂಬ ಷರತ್ತು ಬಿದ್ದುಹೋಯಿತು. ಕನ್ನಡ ವಾಹಿನಿಯಲ್ಲಿ ಅದು ‘ಕನ್ನಡನಾಡಿಗೆ ಸೇರುವ ನಿರ್ಣಯ’ವಾಯಿತು. ಮರಾಠಿ ವಾಹಿನಿಯಲ್ಲಿ ಅದೇ ಠರಾವು ಯಾರೋ ಚಿತಾವಣೆಯಿಂದ ಮಾಡಿಸಿದ ದ್ರೋಹವಾಯಿತು. ನಮ್ಮ ಹಳ್ಳಿಗರ ಕನ್ನಡದಲ್ಲಿ ಠರಾವು ಎಂದರೆ ಗ್ರಾಮಸಭೆಯಲ್ಲಿ ನಾಲ್ಕು ಜನ ಕೂತು ಸರಕಾರದ ಎದುರಿಗೆ ಹೂಡುವ ಒಂದು ಮೊಂಡು. ರಸ್ತೆ ಸಲುವಾಗಿ ಠರಾವು, ಬಸ್ಸಿನ ಸಲುವಾಗಿ ಠರಾವು, ಮತದಾನ ಮಾಡೂದಿಲ್ಲಂತ ಠರಾವು. ಬೆಂಗಳೂರಿನ ‘ನಿರ್ಣಯ’ಕ್ಕೆ ಈ ಧ್ವನಿಯಿಲ್ಲ, ಆ ಶಬ್ದದಲ್ಲಿ ಮಾತು ಮುಗಿದಿರುತ್ತದೆ, ಠರಾವಿನಲ್ಲಿ ಮಾತು ಸುರುವಾಗಿರುತ್ತದೆ. ಆದರೂ ಹೂಡಿದ ಮೊಂಡಿಗೆ ಫಲವಿಲ್ಲದೆ ಹೋಗಲಿಲ್ಲ. ಆ ಗದ್ದಲದಲ್ಲೇ ಮಹಾರಾಷ್ಟ್ರ ಸರಕಾರ ಜತ್ತಕ್ಕೆ ಮ್ಹೈಸಾಳ ಏತನೀರಾವರಿ ವಿಸ್ತರಣೆಯ ಸುಮಾರು 2000 ಕೋಟಿ ರೂಪಾಯಿ ಕೆಲಸವನ್ನು ಘೋಷಿಸಿತು. ಠರಾವಿನ ಪೂರ್ವಪಕ್ಷವನ್ನು ಸರಿಯಾಗಿ ಓದಿದವರು ವಾಹಿನಿಯವರಲ್ಲ, ನೀರಾವರಿ ಖಾತೆಯವರು. ಅಕ್ಕಲಕೋಟ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳೂ ಆ ದಿನಗಳಲ್ಲಿ ಇಂಥದೇ ಠರಾವು ಮಾಡಿದವು. ಅಲ್ಲಿಯೂ ಬಾಯಿಗೆ ಬಂದದ್ದು ರಸ್ತೆ, ನೀರು, ಕರೆಂಟು.

ಮೂರನೆಯದು ಹೇತು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಕನ್ನಡ ಸ್ಟುಡಿಯೋದಲ್ಲಿ ಬೆಳಗಾವಿಯ ಮಾತು ಬಂದಾಗ ಹೇತು ‘ಮಹಾಜನ ವರದಿಯೇ ಅಂತಿಮ’. ಅಕ್ಕಲಕೋಟದ ಮಾತು ಬಂದಾಗ ಹೇತು ‘ಅಲ್ಲಿ ಕನ್ನಡ ಮಾತಾಡುವವರಿದ್ದಾರೆ’. ಮರಾಠಿ ಸ್ಟುಡಿಯೋದಲ್ಲಿ ಬೆಳಗಾವಿಗೆ ಹೇತು ‘ಮರಾಠಿ ಭಾಷಿಕರ ಬಹುಮತ’. ಅಕ್ಕಲಕೋಟಕ್ಕೆ ಹೇತು ‘ಇದು ಮಹಾರಾಷ್ಟ್ರದ ಅವಿಭಾಜ್ಯ ಅಂಗ’. ಪಕ್ಷ ಬದಲಾದ ಕೂಡಲೇ ಹೇತು ಬದಲಾಗುತ್ತದೆ. ಒಂದು ಹೇತುವನ್ನು ಎರಡೂ ಊರಿಗೆ ಹಚ್ಚಿ ನೋಡಿರಿ ಎಂದು ಒಬ್ಬ ನಿರೂಪಕನೂ ಕೇಳಲಿಲ್ಲ. ಹಚ್ಚಿದರೆ ಏನಾಗುತ್ತಿತ್ತು? ಮಹಾಜನ ವರದಿ ಅಂತಿಮವಾದರೆ ನಿಪ್ಪಾಣಿ ಮೊದಲಾದ 264 ಊರುಗಳನ್ನು ಬಿಡಬೇಕಾಗುತ್ತದೆ. ಭಾಷಿಕ ಬಹುಮತ ಪ್ರಮಾಣವಾದರೆ ಅಕ್ಕಲಕೋಟದ ಕನ್ನಡ ಹಳ್ಳಿಗಳನ್ನು ಬಿಡಬೇಕಾಗುತ್ತದೆ. ಹಿಂದೆ 260 ಹಳ್ಳಿ ಬಿಡುತ್ತೇವೆ ಎಂದವರು ಆ ತರ್ಕಕ್ಕೆ ನಿಷ್ಠರಾಗಿದ್ದರು. 2022ರ ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಕೂಡಿದ ಕರ್ನಾಟಕ ವಿಧಾನಮಂಡಲ ಒಂದಿಂಚು ನೆಲವನ್ನೂ ಬಿಡುವುದಿಲ್ಲವೆಂದು ಗೊತ್ತುವಳಿ ಮಾಡಿತು. 27ರಂದು ನಾಗಪುರದಲ್ಲಿ ಮಹಾರಾಷ್ಟ್ರದ ವಿಧಾನಮಂಡಲ 865 ಹಳ್ಳಿಗಳ ಇಂಚಿಂಚೂ ತಮಗೆ ಬೇಕೆಂದಿತು. ತಾನೇ ಕೊಟ್ಟ ಹೇತುವಿಗೂ ಪ್ರತಿಜ್ಞೆಗೂ ವಿರೋಧ ಬಂದರೆ ಅದು ಪ್ರತಿಜ್ಞಾವಿರೋಧವೆಂಬ ನಿಗ್ರಹಸ್ಥಾನ. ಅಲ್ಲಿಗೆ ವಾದಿ ಸೋತಂತೆ. ಇಲ್ಲಿ ಇಬ್ಬರೂ ಒಂದೇ ಸ್ಥಾನದಲ್ಲಿ ಸಿಕ್ಕಿಬಿದ್ದಿದ್ದರು, ಮಧ್ಯಸ್ಥನಿಗೆ ಅದು ಕಾಣಲಿಲ್ಲ. ಒಬ್ಬೊಬ್ಬರೇ ತಮ್ಮತಮ್ಮ ಸ್ಟುಡಿಯೋದಲ್ಲಿ ಗೆದ್ದು ಮನೆಗೆ ಹೋದರು.

ಮಧ್ಯಸ್ಥನೆಂದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯರು ಹೇಗೆ ಚರ್ಚಿಸಬೇಕೆಂಬ ದೊಡ್ಡ ಪ್ರಕರಣವಿದೆ. ಅಲ್ಲಿ ಪರಿಷತ್ತು ಜ್ಞಾನವತಿ, ಮೂಢ ಎಂದು ಎರಡು. ಪ್ರತಿಯೊಂದೂ ಸ್ನೇಹದ್ದು, ಉದಾಸೀನ, ಪ್ರತಿನಿವಿಷ್ಟ ಎಂದು ಮೂರು. ಪ್ರತಿನಿವಿಷ್ಟ ಎಂದರೆ ಮೊದಲೇ ಒಂದು ಕಡೆ ಹಟ ಹಿಡಿದು ಕುಳಿತದ್ದು. ಅಂಥ ಕಡೆ ಮಾತಾಡಲೇಬೇಡ ಎಂದು ಚರಕ ಹೇಳುತ್ತಾನೆ. ನಾನು ಕೇಳಿದ ಎರಡೂ ಸ್ಟುಡಿಯೋಗಳು ಪ್ರತಿನಿವಿಷ್ಟವೇ. ಆರು ಕಿಟಕಿಗಳಲ್ಲಿ ಆರು ಮುಖ. ಅದರಲ್ಲಿ ಒಂದು ಎದುರು ಪಕ್ಷದ್ದು. ಅವನಿಗೆ ಮಾತು ಕೊಡುವುದು ಅವನ ಪಕ್ಷವನ್ನು ಕೇಳಲಿಕ್ಕಲ್ಲ, ಉಳಿದ ಐವರಿಗೆ ಏರಲಿಕ್ಕೆ ಒಂದು ಮೆಟ್ಟಿಲು ಬೇಕೆಂದು. ಆ ವರ್ಷದ ಸೆಪ್ಟೆಂಬರಿನಲ್ಲೇ ಸರ್ವೋಚ್ಚ ನ್ಯಾಯಾಲಯ ಬೇರೊಂದು ಪ್ರಕರಣದಲ್ಲಿ ಟಿವಿ ನಿರೂಪಕರ ಹೊಣೆಯ ಬಗ್ಗೆ ಕಟುವಾಗಿ ಆಡಿತ್ತು. ಡಿಸೆಂಬರ್ 6ರಂದು ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಆವತ್ತು ರಾತ್ರಿ ನಮ್ಮ ಅಂಗಡಿಯಲ್ಲಿ ರಿಮೋಟಿಗೆ ಯಾರೂ ಕೈ ಹಚ್ಚಲಿಲ್ಲ. ಹುಬ್ಬಳ್ಳಿಗೆ ಮಾಲು ಒಯ್ದಿದ್ದ ಡ್ರೈವರ ಒಬ್ಬ ಫೋನ್ ಎತ್ತುತ್ತಿರಲಿಲ್ಲ, ಎಲ್ಲರೂ ಅದನ್ನೇ ಕಾಯುತ್ತಿದ್ದರು. ಕನ್ನಡದವನೋ ಮರಾಠಿಯವನೋ ಎಂದು ಯಾರೂ ಕೇಳಲಿಲ್ಲ. ಹತ್ತರ ಮೇಲೆ ಫೋನು ಬಂತು, ಸುಖರೂಪ.

ಗಡಿಯ ಎರಡೂ ಕಡೆ ನಿಜವಾದ ವಾದ ಇರಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಶಂಬಾ ಜೋಶಿಯವರು ಮಹಾರಾಷ್ಟ್ರ ಸಂಸ್ಕೃತಿಯ ಕನ್ನಡ ಬೇರುಗಳ ಬಗ್ಗೆ ಬರೆಯಬೇಕಾದಾಗ ಮರಾಠಿಯಲ್ಲೇ ಪುಸ್ತಕ ಬರೆದರು. ಒಪ್ಪಬೇಕಾದವರ ಭಾಷೆಯಲ್ಲಿ ಹೇಳುವುದು ವಾದಿಯ ಧರ್ಮ. ರಾ. ಚಿಂ. ಢೇರೆಯವರು 1984ರ ತಮ್ಮ ಗ್ರಂಥದಲ್ಲಿ ವಿಠ್ಠಲನ ಮೂಲವನ್ನು ಹುಡುಕುತ್ತ ಕನ್ನಡ ನೆಲದವರೆಗೆ ಬಂದರು, ಬಂದದ್ದನ್ನು ಮರಾಠಿಗರ ಮುಂದೆ ಮುಚ್ಚಿಡಲಿಲ್ಲ. ಇಬ್ಬರ ನಿಲುವುಗಳ ಮೇಲೂ ಆಕ್ಷೇಪಗಳಿವೆ, ಇರಲಿ. ಟಿವಿಯಲ್ಲಿ ಆ ದಿನಗಳಲ್ಲಿ ಪಂಢರಪುರದ ಹೆಸರು ಬಂದಾಗ ಇವರಿಬ್ಬರ ಹೆಸರು ಬರಲಿಲ್ಲ.

ನಾಲ್ಕನೆಯ ಸಂಗತಿ ಜನಕ್ಕೆ ಇಟ್ಟ ಹೆಸರುಗಳದು. ಮರಾಠಿ ವಾಹಿನಿಯಲ್ಲಿ ಬೆಳಗಾವಿಯ ಮರಾಠಿಗರು ‘ಸೀಮಾಬಾಂಧವ’. ಬಹಳ ಒಳ್ಳೆಯ ಶಬ್ದ, ಬಂಧುತ್ವವೇ ಇದೆ ಅದರಲ್ಲಿ. ಅದೇ ವಾಹಿನಿಯಲ್ಲಿ ಅಕ್ಕಲಕೋಟದ ಕನ್ನಡಿಗರಿಗೆ ‘ಕನ್ನಡ ಭಾಷಿಕ’ ಎಂಬ ಜನಗಣತಿಯ ಶಬ್ದ. ಕನ್ನಡ ವಾಹಿನಿಯಲ್ಲಿ ನಾವು ‘ಗಡಿನಾಡ ಕನ್ನಡಿಗರು’, ಕೆಲವೊಮ್ಮೆ ‘ಹೊರನಾಡ ಕನ್ನಡಿಗರು’. ಅದೇ ವಾಹಿನಿಯಲ್ಲಿ ಬೆಳಗಾವಿಯ ಮರಾಠಿಗರಿಗೆ ಒಂದು ಸಂಘಟನೆಯ ಹೆಸರಷ್ಟೇ ಉಂಟು, ಆ ಸಂಘಟನೆಗೆ ಸೇರದ ಮರಾಠಿಗನಿಗೆ ಹೆಸರೇ ಇಲ್ಲ. ಆಚೆ ಕಡೆಯ ತನ್ನವನಿಗೆ ಪ್ರೀತಿಯ ಹೆಸರು, ಈಚೆ ಕಡೆಯ ಅವರವನಿಗೆ ಖಾನೇಷುಮಾರಿಯ ಹೆಸರು: ಎರಡೂ ಕಡೆ ಇದೇ ಲೆಕ್ಕ. ‘ಹೊರನಾಡು’ ಎಂಬುದು ನನಗೆ ಮೊದಲಿನಿಂದಲೂ ಒಗ್ಗದ ಶಬ್ದ. ಸಿದ್ಧರಾಮನ ಸೊನ್ನಲಿಗೆಯನ್ನು, ಜಯದೇವಿತಾಯಿ ಲಿಗಾಡೆಯವರ ಊರನ್ನು ಹೊರನಾಡೆನ್ನಲು ನಾಲಿಗೆ ಹೊರಳುವುದಿಲ್ಲ. ಅವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ. ‘ಸೀಮಾ’ದಲ್ಲೂ ಒಂದು ಸ್ವಾರಸ್ಯವಿದೆ. ಮರಾಠಿಯಲ್ಲಿ ಅದು ಗೆರೆ. ಕನ್ನಡದಲ್ಲಿ ಸೀಮೆ ಎಂದರೆ ಪ್ರದೇಶ, ಬಯಲುಸೀಮೆ ಎಂಬಲ್ಲಿರುವಂತೆ. ನಮ್ಮ ಆಡುಮಾತಿನಲ್ಲಿ ‘ಶೀಮಿ’ ಎರಡೂ ಹೌದು. ‘ನಮ್ಮ ಶೀಮ್ಯಾಗ ಮಳಿ ಇಲ್ಲ’ ಅಂದರ ಸುತ್ತಲಿನ ಹೊಲಗದ್ದೆ. ‘ಶೀಮಿ ದಾಟಿ ಹೋದ’ ಅಂದರ ಊರ ಗೆರೆ. ಸ್ಟುಡಿಯೋಗಳಿಗೆ ಗೆರೆ ಮಾತ್ರ ಬೇಕಾಗಿತ್ತು.

ಇಷ್ಟೆಲ್ಲ ತಪ್ಪು ಎಣಿಸಿದ ನಾನು ನನ್ನದನ್ನೂ ಹೇಳಬೇಕು. ಡಿಸೆಂಬರಿನ ಮೊದಲ ವಾರ ಒಂದು ವಾಹಿನಿಯ ಹುಡುಗರು ಕ್ಯಾಮೆರಾ ಹಿಡಿದು ನಮ್ಮ ಅಂಗಡಿಗೆ ಬಂದರು. ಕನ್ನಡದವರು ಯಾರಿದ್ದೀರಿ ಎಂದರು. ಮೈಂದರ್ಗಿ ಕಡೆಯ ಒಬ್ಬ ಫಿಟ್ಟರ್ ಇದ್ದ, ಮೂವತ್ತರ ಆಸುಪಾಸಿನವನು. ಮೊದಲು ಅವನನ್ನು ಕೇಳಿದರು. ಅವನು ತನ್ನ ಊರ ಕನ್ನಡ ಶಾಲೆಯ ಮಾತು ತೆಗೆದ. ವರದಿಗಾರ ಎರಡು ಸಲ ‘ಹಾಗಾದರೆ ನೀವು ಕರ್ನಾಟಕಕ್ಕೆ ಸೇರಬೇಕು ಅಂತೀರಾ?’ ಎಂದು ಕೇಳಿದ, ಇವನು ಎರಡು ಸಲವೂ ಶಾಲೆಗೇ ಬಂದ. ‘ಭಾಷೆ ಸ್ವಲ್ಪ ಕ್ಲಿಯರ್ ಇಲ್ಲ, ಹಿರಿಯರನ್ನ ಮಾತಾಡಿಸೋಣ’ ಎಂದು ಮೈಕು ನನ್ನ ಕಡೆ ತಿರುಗಿತು. ಆಗ ನಾನು ‘ಆತ ಹೇಳಿದ್ದು ಸ್ಪಷ್ಟವೇ ಇದೆ, ಅದನ್ನೇ ಹಾಕಿರಿ’ ಎನ್ನಬಹುದಿತ್ತು. ಅನ್ನಲಿಲ್ಲ. ಗಂಟಲು ಸರಿಮಾಡಿಕೊಂಡು ಗ್ರಾಂಥಿಕ ಕನ್ನಡದಲ್ಲಿ, ನಮ್ಮ ಭಾಷೆಗೆ ಭದ್ರವಾದ ನೆಲೆ ಬೇಕು, ತಾಯ್ನುಡಿಯ ಮಡಿಲಿಗೆ ಮರಳುವ ಹಂಬಲ ತಲೆಮಾರುಗಳಿಂದ ಇದೆ ಎಂದು ಏನೇನೋ ಹೇಳಿದೆ. ಇಳಿವಯಸ್ಸಿನಲ್ಲಿ ಮೈಕು ಸಿಕ್ಕರೆ ನಾಲಿಗೆ ಹರಿಯುತ್ತದೆ. ರಾತ್ರಿ ಅದೇ ಬಂತು, ನನ್ನ ಮುಖದ ಕೆಳಗೆ ‘ಸೊಲ್ಲಾಪುರ ಕನ್ನಡಿಗರ ಕೂಗು’ ಎಂದು ಬರೆದು. ಆಮೇಲೆ ಆರು ಕಿಟಕಿಗಳವರು ಅದರ ಮೇಲೆ ಅರ್ಧ ತಾಸು ಚರ್ಚೆ ಮಾಡಿದರು. ಫಿಟ್ಟರ್ ಎಲ್ಲಿಯೂ ಇರಲಿಲ್ಲ.

ಮರುದಿನ ಅವನು ಸಿಟ್ಟಾಗಲಿಲ್ಲ. ‘ಗುರೂಜಿ, ಭಾಳ ಛಲೋ ಮಾತಾಡಿದ್ರಿ. ನಮ್ಮವ್ವ ನೋಡ್ಯಾಳ. ಯಾವ ಊರವರು ಇವರು ಅಂತ ಕೇಳಿದ್ಳು’ ಅಂದ. ಅತ್ತೆಯ ಪ್ರಶ್ನೆ ನಲವತ್ತಾರು ವರ್ಷಗಳ ಮೇಲೆ ನನ್ನ ಬಾಗಿಲಿಗೇ ಬಂದಿತ್ತು.

ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಕೇಂದ್ರ ಗೃಹಮಂತ್ರಿಗಳು ಎರಡೂ ಮುಖ್ಯಮಂತ್ರಿಗಳನ್ನು ಕೂಡಿಸಿ, ಎರಡೂ ಕಡೆಯ ಮೂರು ಮೂರು ಮಂತ್ರಿಗಳ ಸಮಿತಿಯಾಗಬೇಕೆಂದು ಗೊತ್ತುಪಡಿಸಿದರು. ಜನವರಿಯಲ್ಲಿ ವಾಹಿನಿಗಳು ಬೇರೆ ವಿಷಯಕ್ಕೆ ಹೋದವು. ಅಂಗಡಿಯ ಟಿವಿಯಲ್ಲಿ ಕ್ರಿಕೆಟ್ ಬಂತು, ರಿಮೋಟಿನ ಒಪ್ಪಂದ ತಾನಾಗಿ ರದ್ದಾಯಿತು. ನಾನು ಮಾತ್ರ ಆ ಫಿಟ್ಟರನನ್ನು ಕೂಡಿಸಿಕೊಂಡು, ಕ್ಯಾಮೆರಾದ ಮುಂದೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿ ವಹಿಯಲ್ಲಿ ಬರೆದುಕೊಂಡೆ. ಈ ಸಂಪುಟ ಉಪಭಾಷೆಯದಾದ್ದರಿಂದ ಅದನ್ನು ಕೇಳಿದಂತೆಯೇ ಇಲ್ಲಿ ಕೊಡುತ್ತೇನೆ:

‘ಸಾಲಿ ಅದರಿ, ಫಕ್ತ ಮಾಸ್ತರಿಲ್ಲ. ಇದ್ದಾಂವ ಬದಲಿ ಆಗಿ ಹೋದ, ಅವನ ಜಾಗಾದಾಗ ಇನ್ನಾ ಯಾರೂ ಬಂದಿಲ್ಲ. ಹುಡುಗೂರು ಮರಾಠಿ ಸಾಲಿಗಿ ಹೊಂಟಾವ. ಕರ್ನಾಟಕಕ್ಕ ಹೋಗ್ತೀವಂತ ನಾ ಎಲ್ಲಿ ಅಂದೀನ್ರಿ? ಮಾಸ್ತರನ್ನ ಕೊಡ್ರಿ ಅಂದೀನಿ.’

ಇದರಲ್ಲಿ ಗಮನಿಸಬೇಕಾದ ರೂಪಗಳು ಇವು. ‘ಐತಿ’ ಎನ್ನದೆ ‘ಅದ’ ಎನ್ನುವುದು ಕಲಬುರ್ಗಿ ಕಡೆಯ ಕನ್ನಡದೊಂದಿಗೆ ಇದನ್ನು ಕೂಡಿಸುತ್ತದೆ. ‘ಸಾಲಿಗಿ’ಯಲ್ಲಿ ಚತುರ್ಥಿಗೆ ‘-ಗಿ’, ‘ಕರ್ನಾಟಕಕ್ಕ’ದಲ್ಲಿ ‘-ಕ್ಕ’. ‘ಜಾಗಾದಾಗ’ದಲ್ಲಿ ಸಪ್ತಮಿಗೆ ‘-ಆಗ’. ‘ಫಕ್ತ’ ಅರಬ್ಬಿಯಿಂದ ಹೊರಟು ಮರಾಠಿಯ ಮೂಲಕ ಬಂದದ್ದು. ‘ಮಾತ್ರ’ ಎಂಬುದನ್ನು ಅವನು ಬಳಸುವುದೇ ಇಲ್ಲ, ಕೇಳಿದರೆ ತಿಳಿಯುತ್ತದೆ. ‘ಹುಡುಗೂರು’ ‘ಹೊಂಟಾವ’ ಎಂದು ನಪುಂಸಕದ ಕ್ರಿಯಾಪದ ತೆಗೆದುಕೊಂಡಿದೆ, ಸಣ್ಣವರ ವಿಷಯದಲ್ಲಿ ಇದು ಸಹಜ. ‘ಅದರಿ’, ‘ಅಂದೀನ್ರಿ’ ಇವುಗಳ ಕೊನೆಯ ‘ರಿ’ ಎದುರಿಗಿದ್ದವನಿಗೆ ತೋರಿಸಿದ ಗೌರವ. ‘ಕೊಡ್ರಿ’ಯ ‘ರಿ’ ಬೇರೆ, ಅದು ವಿಧ್ಯರ್ಥದ ಬಹುವಚನ. ಯಾರು ಕೊಡಬೇಕು ಎಂಬ ಕರ್ತೃಪದ ವಾಕ್ಯದಲ್ಲಿಲ್ಲ. ಮುಂಬಯಿಯವರೋ ಬೆಂಗಳೂರಿನವರೋ ಎಂದು ನಾನು ಕೇಳಿದೆ. ‘ಯಾರರೆ ಕೊಡ್ಲಿರಿ’ ಅಂದ.